ಹುಟ್ಟಿದ ತಾರೀಕಿಗೊಂದು ಮರ: ಸೆಲ್ಟಿಕ್ ಮರಗಳನ್ನು ಕೌನ್ಸೆಲಿಂಗ್‌ನಲ್ಲಿ ಬಳಸೋದು ಸರಿನಾ?

ಕಾರ್ಕ್ ಕನ್ನಡತಿ
ಎಲ್ಲರಿಗೂ ನಮಸ್ಕಾರ. ನಾನು ಐರ್ಲೆಂಡಿನ ಕಾರ್ಕ್‌ನಲ್ಲಿ ಆಪ್ತ ಸಮಾಲೋಚನೆ ಓದುತ್ತಿದ್ದೇನೆ. ಹತ್ತಿರದವರನ್ನು ಕಳೆದುಕೊಂಡವರು ವಾರಕ್ಕೊಮ್ಮೆ ಸೇರುವ ಗುಂಪೊಂದರಲ್ಲಿ ಈಗ ಸಹಾಯಕಿಯಾಗಿದ್ದೇನೆ. ಅದನ್ನು ನಡೆಸುವ ಹಿರಿಯರು ಮುಂದಿನ ಕೆಲವು ವಾರಗಳಿಗೆ ಸೆಲ್ಟಿಕ್ ಮರಗಳನ್ನು, ಅಂದರೆ ಐರ್ಲೆಂಡ್, ಸ್ಕಾಟ್ಲೆಂಡ್ ಕಡೆಯ ಹಳೇ ಸೆಲ್ಟ್ ಜನರದ್ದು ಅನ್ನೋ ಮರಗಳ ಸಂಕೇತಗಳನ್ನು, ವಿಷಯವಾಗಿ ಇಟ್ಟುಕೊಂಡಿದ್ದಾರೆ. ಬರ್ಚ್ ಅಂದರೆ ಹೊಸ ಆರಂಭ, ಓಕ್ ಅಂದರೆ ಗಟ್ಟಿತನ, ರೋವನ್ ಅಂದರೆ ಕಾವಲು, ವಿಲೋ ಅಂದರೆ ಕಣ್ಣೀರು, ಯೂ ಅಂದರೆ ಸಾವು ಮತ್ತು ಮರುಹುಟ್ಟು, ಹೀಗೆ. ಒಂದೊಂದು ಮರಕ್ಕೂ ಒಂದೊಂದು ಚಿತ್ರದ ಕಾರ್ಡ್. ಮೇಲೆ ಐರ್ಲೆಂಡಿನ ಹಳೇ ಲಿಪಿ ಓಗಮ್‌ನ ಅಕ್ಷರ.

ನೋಡಲು ತುಂಬಾ ಚೆನ್ನಾಗಿವೆ. ಆದರೆ ಹಿಂಬದಿಯಲ್ಲಿ ಹುಟ್ಟಿದ ತಾರೀಕಿನ ಪಟ್ಟಿ ಇದೆ. ಇಂಥ ದಿನದಿಂದ ಇಂಥ ದಿನದವರೆಗೆ ಹುಟ್ಟಿದವರಿಗೆ ಇಂಥ ಮರ, ಇಂಥ ಸ್ವಭಾವ, "ಡ್ರುಯಿಡರ 13 ತಿಂಗಳ ಪಂಚಾಂಗದ ಪ್ರಕಾರ" ಅಂತ. ಡ್ರುಯಿಡರು ಅಂದರೆ ಹಳೇ ಸೆಲ್ಟ್ ಜನರ ಪುರೋಹಿತರು. ಗಂಡನನ್ನು ಕಳೆದುಕೊಂಡು ಬಂದವರ ಕೈಗೆ ಇದನ್ನು ಕೊಟ್ಟು "ನಿಮ್ಮದು ವಿಲೋ, ಅದಕ್ಕೇ ನಿಮಗೆ ಇಷ್ಟು ದುಃಖ" ಅನ್ನೋದಾ? ನನಗೆ ಮನಸ್ಸು ಒಪ್ಪುತ್ತಿಲ್ಲ. ಹಾಗಂತ ಮರಗಳನ್ನೇ ಬಿಟ್ಟುಬಿಡಲೂ ಇಷ್ಟವಿಲ್ಲ. ಇಲ್ಲಿನವರಿಗೆ ಮರಗಳ ಜೊತೆ ನಿಜವಾಗಿಯೂ ಹಳೇ ನಂಟಿದೆ. ತಿಳಿದವರು ಹೇಳಿ.

ಮಲೆನಾಡ ಹುಡ್ಗ
ನಮ್ಮಲ್ಲೂ ಇದೆಯಲ್ವಾ? ಅಶ್ವಿನಿಗೆ ಕಾಸರಕ, ರೋಹಿಣಿಗೆ ನೇರಳೆ, ಪುಷ್ಯಕ್ಕೆ ಅರಳಿ. ನಕ್ಷತ್ರವನ ಅಂತ ಊರೂರಲ್ಲಿ ಮಾಡಿದ್ದಾರೆ. ಅದರಿಂದ ಒಂದಿಷ್ಟು ಗಿಡವಾದರೂ ಬೆಳೆಯುತ್ತೆ, ತಪ್ಪೇನು?

ಹಳೇ ಮೇಷ್ಟ್ರು
ಗಿಡ ನೆಡೋದರಲ್ಲಿ ತಪ್ಪೇನಿಲ್ಲ. ಇಲ್ಲದ ಹಳೆತನವನ್ನು ಅಂಟಿಸೋದು ತಪ್ಪು. ಆ 13 ತಿಂಗಳ ಮರದ ಪಂಚಾಂಗ ಡ್ರುಯಿಡರದ್ದಲ್ಲ. ರಾಬರ್ಟ್ ಗ್ರೇವ್ಸ್ ಅನ್ನೋ ಇಂಗ್ಲಿಷ್ ಕವಿ 1948ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಕಟ್ಟಿದ್ದು. ಅದರ ಮೇಲೆ ಆಮೇಲಿನವರು ಜಾತಕ, ಸ್ವಭಾವ ಎಲ್ಲ ಹೊರಿಸಿದರು. ಡ್ರುಯಿಡರು ತಮ್ಮ ಬಗ್ಗೆ ತಾವೇ ಬರೆದದ್ದು ಒಂದು ಸಾಲೂ ಉಳಿದಿಲ್ಲ. ಬಿಳಿ ಬಟ್ಟೆ ಉಟ್ಟು ಓಕ್ ಹತ್ತಿ ಚಿನ್ನದ ಕುಡುಗೋಲಿನಿಂದ ಮಿಸಲ್‌ಟೋ ಅನ್ನೋ ಬಂದಳಿಕೆ ಕೊಯ್ಯುವ ಚಿತ್ರ ಎಲ್ಲರಿಗೂ ಗೊತ್ತು. ಅದನ್ನು ಬರೆದವನು ರೋಮನ್ ಲೇಖಕ ಪ್ಲಿನಿ. ಅದೂ ಗಾಲ್ ದೇಶದ (ಇಂದಿನ ಫ್ರಾನ್ಸ್ ಕಡೆಯ) ಬಗ್ಗೆ, ಐರ್ಲೆಂಡ್ ಬಗ್ಗೆ ಅಲ್ಲ.

ಓಗಮ್ ಮಾತ್ರ ನಿಜವಾದದ್ದು. ಐದೈದು ಅಕ್ಷರಗಳ ನಾಲ್ಕು ಗುಂಪು, ಒಟ್ಟು 20. ಐದು ಅಕ್ಷರ ಆಮೇಲೆ ಸೇರಿದವು. ಕಲ್ಲಿನ ಮೇಲಿನ ಸುಮಾರು 400 ಶಾಸನಗಳು ಉಳಿದಿವೆ. ಹೆಚ್ಚಿನವು ಐರ್ಲೆಂಡಿನ ದಕ್ಷಿಣದಲ್ಲಿ, ಅದರಲ್ಲೂ ಕೆರಿ ಜಿಲ್ಲೆಯಲ್ಲಿ. ಆ ಕಲ್ಲುಗಳಲ್ಲಿ ಮಂತ್ರವೂ ಇಲ್ಲ, ಮರದ ಪೂಜೆಯೂ ಇಲ್ಲ. ಜಾಸ್ತಿ ಸಿಗೋದು "ಇಂಥವನ ಮಗ ಇಂಥವನು" ಅನ್ನೋ ಹೆಸರುಗಳು. ಅಕ್ಷರಗಳ ಹೆಸರಲ್ಲಿ ಬರ್ಚ್, ಆಲ್ಡರ್, ವಿಲೋ, ಓಕ್, ಹೇಜಲ್ ಖಂಡಿತ ಇವೆ. ಆದರೆ ಇಪ್ಪತ್ತೂ ಮರಗಳಲ್ಲ. ಹೊಲ, ಭಯ, ಗಂಧಕ ಕೂಡ ಇವೆ. ಮಧ್ಯಯುಗದ ಪಂಡಿತರು ಎಲ್ಲಕ್ಕೂ ಮರ ಹೊಂದಿಸಿದರು. 1390ರ ಹೊತ್ತಿನ ಬ್ಯಾಲಿಮೋಟ್ ಹಸ್ತಪ್ರತಿಯಲ್ಲಿ ಆ ಪಟ್ಟಿ ಇದೆ.

ಕಾರ್ಕ್‌ನಲ್ಲೇ ಇದ್ದೀರಲ್ಲ, ನಿಮ್ಮ ವಿಶ್ವವಿದ್ಯಾಲಯದ ಹಳೇ ಕಟ್ಟಡದ ಕಲ್ಲಿನ ಕಾರಿಡಾರ್‌ಗೆ ಹೋಗಿ. ಓಗಮ್ ಕಲ್ಲುಗಳನ್ನು ಸಾಲಾಗಿ ನಿಲ್ಲಿಸಿದ್ದಾರೆ. ಕಲ್ಲಿನ ಅಂಚೇ ಗೆರೆ. ಅದರ ಎಡಕ್ಕೆ, ಬಲಕ್ಕೆ, ಅಡ್ಡಕ್ಕೆ ಗೀರುಗಳು. ಕೆಳಗಿನಿಂದ ಮೇಲಕ್ಕೆ ಓದಬೇಕು.

ಸಾಕ್ಷಿ ಎಲ್ಲಿ
ಬೆಂಗಳೂರಿನಲ್ಲಿ ಕ್ಲಿನಿಕಲ್ ಸೈಕಾಲಜಿ ಕೆಲಸ ಮಾಡುತ್ತೇನೆ. ನೇರವಾಗಿ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. "ಯೂ ಅಂದರೆ ಮರುಹುಟ್ಟು" ಅಂತ ಹೇಳಿದರೆ ಖಿನ್ನತೆ ಇಳಿಯುತ್ತೆ ಅನ್ನೋದಕ್ಕೆ ಏನು ಆಧಾರ? ನೊಂದವರು ಆ ಹೊತ್ತಿನಲ್ಲಿ ಯಾರು ಏನು ಹೇಳಿದರೂ ನಂಬುತ್ತಾರೆ. ಅದಕ್ಕೇ ನಮ್ಮ ಜವಾಬ್ದಾರಿ ದೊಡ್ಡದು. ಒಬ್ಬ ಸಮಾಲೋಚಕಿ ಜಾತಕದ ಕಾರ್ಡ್ ಹಿಡಿದ ಕ್ಷಣವೇ ಆ ನಂಬಿಕೆಯನ್ನು ದುರುಪಯೋಗ ಮಾಡಿದ ಹಾಗೆ.

ನರ್ಸಕ್ಕ ಡಬ್ಲಿನ್
ಜಾತಕದ ವಿಷಯಕ್ಕೆ ಪೂರ್ತಿ ಒಪ್ಪಿದೆ. ಆದರೆ ಮರಗಳಿಗೆ ಆಧಾರವೇ ಇಲ್ಲ ಅನ್ನಬೇಡಿ ಸರ್. ಅಮೆರಿಕದ ರೋಜರ್ ಉಲ್ರಿಚ್ 1984ರಲ್ಲಿ ಪ್ರಕಟಿಸಿದ ಅಧ್ಯಯನ ನಿಮಗೂ ಗೊತ್ತಿರುತ್ತೆ. ಪೆನ್ಸಿಲ್ವೇನಿಯಾದ ಒಂದು ಆಸ್ಪತ್ರೆ, ಪಿತ್ತಕೋಶದ ಆಪರೇಷನ್ ಆದವರು. 23 ಜನರ ಕಿಟಕಿಯಾಚೆ ಮರಗಳು, ಉಳಿದ 23 ಜನರಿಗೆ ಇಟ್ಟಿಗೆ ಗೋಡೆ. ಮರ ಕಾಣುತ್ತಿದ್ದವರು ಬೇಗ ಮನೆಗೆ ಹೋದರು. ಗಟ್ಟಿ ನೋವಿನ ಮಾತ್ರೆಗಳೂ ಅವರಿಗೆ ಕಡಿಮೆ ಸಾಕಾದವು.

ಸಾಕ್ಷಿ ಎಲ್ಲಿ
ಗೊತ್ತು ಮೇಡಂ. ನನಗೆ ಇಷ್ಟವಾದ ಅಧ್ಯಯನ ಅದು. ಆದರೆ ಅದು 46 ಜನರ ಹಳೇ ದಾಖಲೆ ನೋಡಿ ಮಾಡಿದ್ದು. ವ್ಯತ್ಯಾಸ ಒಂದು ದಿನಕ್ಕಿಂತ ಕಡಿಮೆ. ಮುಖ್ಯವಾಗಿ, ಅಲ್ಲಿ ಯಾರೂ ರೋಗಿಗಳಿಗೆ ಮರದ ಅರ್ಥ ಹೇಳಲಿಲ್ಲ. ಸುಮ್ನೆ ಮರ ಕಂಡಿತು, ಅಷ್ಟೇ. ಅದರಿಂದ ಕಾರ್ಡ್‌ಗಳಿಗೆ ಬೆಂಬಲ ಸಿಗೋದಿಲ್ಲ. ಕಿಟಕಿ ತೆಗೆಯೋದಕ್ಕೆ ಬೆಂಬಲ ಸಿಗುತ್ತೆ.

ಬೀಜದುಂಡೆ
ಇವರ ಕೊನೇ ಸಾಲು ಹಿಡ್ಕೊಂಡು ಹೇಳ್ತೀನಿ. ಕಾರ್ಡ್ ಬೇಡ, ಮರ ನೋಡಿ. ನಾನು ಸಸ್ಯಶಾಸ್ತ್ರದವಳು. ಪ್ರತಿ ಮರದ ನಡವಳಿಕೆಯಲ್ಲೇ ಮಾತಾಡಲು ಬೇಕಾದಷ್ಟಿದೆ, ಕಟ್ಟುಕತೆ ಬೇಕಿಲ್ಲ.

ಬರ್ಚ್ ಬರಿ ನೆಲಕ್ಕೆ ಮೊದಲು ಬರುವ ಮರಗಳಲ್ಲೊಂದು. ಹಿಮಯುಗ ಮುಗಿದ ಮೇಲೆ ಐರ್ಲೆಂಡಿಗೆ ಮೊದಮೊದಲು ಬಂದವರಲ್ಲಿ ಅದೂ ಸೇರಿದೆ. ಅದರ ಆಯಸ್ಸು ಕಡಿಮೆ. ಬರುತ್ತೆ, ಮಣ್ಣು ಮಾಡುತ್ತೆ, ಉಳಿದವಕ್ಕೆ ಜಾಗ ಬಿಡುತ್ತೆ.

ಆಲ್ಡರ್ ಅನ್ನು ಕಡಿದ ತಕ್ಷಣ ಬಿಳಿ ಮರ ಕಿತ್ತಳೆ ಕೆಂಪಿಗೆ ತಿರುಗುತ್ತೆ. ರಕ್ತ ಬಂದ ಹಾಗೇ ಕಾಣುತ್ತೆ. ಹಳಬರು ಅದನ್ನು ಕಡಿಯಲು ಅಂಜುತ್ತಿದ್ದರು. ಆದರೆ ಅದೇ ಮರ ಒದ್ದೆ ನೆಲದಲ್ಲಿ ನಿಂತು, ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಜೀವಿಯ ಸಹಾಯದಿಂದ ಗಾಳಿಯ ಸಾರಜನಕ ಹಿಡಿದು ನೆಲಕ್ಕೆ ಕೊಡುತ್ತೆ.

ಹೇಜಲ್ ನೋಡಿ. ಬುಡದವರೆಗೆ ಕಡಿದರೆ ಸಾಯೋದಿಲ್ಲ. ಬುಡದಿಂದ ಹತ್ತಾರು ನೇರ ಕೋಲುಗಳು ಏಳುತ್ತವೆ. ಹಾಗೆ ಕಡಿದು ಕಡಿದು ಬಳಸಿದ ಹೇಜಲ್, ಬಿಟ್ಟ ಹೇಜಲ್‌ಗಿಂತ ಜಾಸ್ತಿ ವರ್ಷ ಬದುಕುತ್ತೆ.

ಒಂದು ಎಚ್ಚರಿಕೆ. ಯೂ ಕೊಂಬೆ ರೂಮಿಗೆ ತರಬೇಡಿ. ಕೆಂಪು ಹಣ್ಣಿನ ತಿರುಳು ಬಿಟ್ಟು ಎಲೆ, ತೊಗಟೆ, ಬೀಜ ಎಲ್ಲ ವಿಷ. ಗುಂಪಿನಲ್ಲಿ ಮನಸ್ಸು ತುಂಬಾ ಕುಸಿದವರಿದ್ದರಂತೂ ಬೇಡವೇ ಬೇಡ.

ಕಾರ್ಕ್ ಕನ್ನಡತಿ
ಈ ಎಚ್ಚರಿಕೆಗೆ ತುಂಬಾ ಥ್ಯಾಂಕ್ಸ್. ಪ್ಲಾನ್‌ನಲ್ಲಿ ಯೂ ಕೊಂಬೆ ಇತ್ತು! ಈಗಲೇ ಮೇಲ್ ಹಾಕುತ್ತೇನೆ.

ಹೂಬಳ್ಳಿ
ಯೂ ಬಗ್ಗೆ ನನ್ನದೊಂದು ಮಾತು. ಅಮ್ಮನಿಗೆ ಸ್ತನ ಕ್ಯಾನ್ಸರ್ ಆದಾಗ ಕೊಟ್ಟ ಔಷಧದ ಹೆಸರು ಡೋಸಿಟ್ಯಾಕ್ಸೆಲ್. ಯೂರೋಪಿನ ಯೂ ಮರದ ಸೂಜಿ ಎಲೆಯಿಂದ ತೆಗೆದ ಪದಾರ್ಥದಿಂದ ಅದನ್ನು ತಯಾರಿಸುತ್ತಾರೆ ಅಂತ ಆಮೇಲೆ ಓದಿದೆ. ಅದರ ಜೊತೆಗಾರ ಪ್ಯಾಕ್ಲಿಟ್ಯಾಕ್ಸೆಲ್ ಮೊದಲು ಸಿಕ್ಕಿದ್ದು ಅಮೆರಿಕದ ಪೆಸಿಫಿಕ್ ಯೂ ಮರದ ತೊಗಟೆಯಲ್ಲಿ. ಡ್ರಿಪ್ ಹಾಕಿದ ದಿನ ಅಮ್ಮನ ಬೆರಳ ತುದಿ ಜುಮ್ಮೆನ್ನುತ್ತಿತ್ತು, ಚಮಚ ಹಿಡಿಯಲೂ ಆಗುತ್ತಿರಲಿಲ್ಲ. ಉಗುರೆಲ್ಲ ಕಪ್ಪಾಗಿತ್ತು. ಈಗ ಅಮ್ಮ ಹುಷಾರಾಗಿದ್ದಾರೆ. ಕೊಲ್ಲುವ ಮರವೇ ಉಳಿಸಿತು ಅಂತ ತಿಳಿದಾಗ ನಾನು ಅತ್ತುಬಿಟ್ಟೆ. ಇದನ್ನು ಯಾವ ಕಾರ್ಡೂ ನನಗೆ ಹೇಳಿಕೊಡಬೇಕಾಗಿರಲಿಲ್ಲ.

ನರ್ಸಕ್ಕ ಡಬ್ಲಿನ್
ಅಮ್ಮನಿಗೆ ನಮಸ್ಕಾರ ಹೇಳಿ ಹೂಬಳ್ಳಿ. ಬೆರಳ ಜುಮ್ಮು ಎಷ್ಟೋ ಜನರಿಗೆ ತಿಂಗಳುಗಟ್ಟಲೆ ಇರುತ್ತೆ. ಇನ್ನೂ ಇದ್ದರೆ ಡಾಕ್ಟರಿಗೆ ಹೇಳೋದು ಬಿಡಬೇಡಿ.

ವಿಲೋ ಕತೆಯೂ ಹೀಗೇ. 1763ರಲ್ಲಿ ಎಡ್ವರ್ಡ್ ಸ್ಟೋನ್ ಅನ್ನೋ ಇಂಗ್ಲಿಷ್ ಪಾದ್ರಿ ಜ್ವರದವರಿಗೆ ವಿಲೋ ತೊಗಟೆ ಪುಡಿ ಕೊಟ್ಟು ಗುಣ ಕಂಡು ರಾಯಲ್ ಸೊಸೈಟಿಗೆ ಪತ್ರ ಬರೆದರು. ಜೌಗು ನೆಲದಲ್ಲಿ ಜ್ವರ ಬರುತ್ತೆ, ಆದ್ದರಿಂದ ಮದ್ದೂ ಅಲ್ಲೇ ಇರಬೇಕು ಅನ್ನೋದು ಅವರ ನಂಬಿಕೆ. ಅಲ್ಲಿಂದ ಮುಂದೆ ವಿಲೋ ತೊಗಟೆಯ ಸಾರ ಸ್ಯಾಲಿಸಿನ್, ಆಮೇಲೆ 1897ರಲ್ಲಿ ಬೇಯರ್ ಲ್ಯಾಬ್‌ನಲ್ಲಿ ಆಸ್ಪಿರಿನ್.

ಸಾಕ್ಷಿ ಎಲ್ಲಿ
ಆ ಪಾದ್ರಿಯ ಕಾರಣ ತಪ್ಪು, ಪರೀಕ್ಷೆ ಸರಿ. ಕೊಟ್ಟು ನೋಡಿದರು, ಬರೆದಿಟ್ಟರು. ನಾನು ಕೇಳೋದೂ ಅಷ್ಟೇ.

ಹೈಲ್ಯಾಂಡ್ ಅಳಿಯ
ಸ್ಕಾಟ್ಲೆಂಡಿನ ಇನ್ವರ್ನೆಸ್‌ನಿಂದ. ಇಲ್ಲಿಂದ ಸ್ವಲ್ಪ ದೂರ ಮನ್‌ಲಾಖಿ ಹತ್ತಿರ ಒಂದು ಕ್ಲೂಟಿ ಬಾವಿ ಇದೆ. ಕ್ಲೂಟಿ ಅಂದರೆ ಬಟ್ಟೆ ಚೂರು. ಬಾವಿ ಅಂದರೆ ನಮ್ಮ ಸೇದೋ ಬಾವಿ ಅಲ್ಲ, ಗುಡ್ಡದ ಬುಡದ ಒರತೆ. ಬಟ್ಟೆ ತುಂಡನ್ನು ಆ ನೀರಲ್ಲಿ ಅದ್ದಿ, ನೋವಿರುವ ಕಡೆ ಒರೆಸಿ, ಪಕ್ಕದ ಮರಕ್ಕೆ ಕಟ್ಟುತ್ತಾರೆ. ಬಟ್ಟೆ ಕೊಳೆತ ಹಾಗೆ ಕಾಯಿಲೆ ಕಡಿಮೆ ಆಗುತ್ತೆ ಅನ್ನೋ ನಂಬಿಕೆ. ನಾನು ಹೋದಾಗ ಮಗುವಿನ ಕಾಲುಚೀಲ, ಶಾಲೆ ಟೈ, ಆಸ್ಪತ್ರೆಯ ಕೈಪಟ್ಟಿ ಎಲ್ಲ ನೇತಾಡುತ್ತಿದ್ದವು. ಗಾಳಿಗೆ ಒದ್ದೆ ಬಟ್ಟೆ ಮುಖಕ್ಕೆ ತಾಗುತ್ತೆ. ಅಲ್ಲಿ ಜೋರಾಗಿ ಮಾತಾಡೋಕೆ ಮನಸ್ಸು ಬರಲ್ಲ.

ತೊಂದರೆ ಏನಂದರೆ ಈಗ ಕಟ್ಟೋದು ಪಾಲಿಯೆಸ್ಟರ್. ಅದು ಕೊಳೆಯೋದೇ ಇಲ್ಲ. ಕೊಂಬೆ ದಪ್ಪ ಆದ ಹಾಗೆ ಬಿಗಿಯಾಗಿ ತೊಗಟೆಯನ್ನು ಕತ್ತರಿಸುತ್ತೆ.

ಮೇಷ್ಟ್ರೇ, ಇದಂತೂ 1948ರ ಕಟ್ಟುಕತೆ ಅಲ್ಲ ತಾನೇ?

ಹಳೇ ಮೇಷ್ಟ್ರು
ಅಲ್ಲ. ಇದು ಜನ ತಲೆತಲಾಂತರದಿಂದ ಮಾಡಿಕೊಂಡು ಬಂದದ್ದು. ಐರ್ಲೆಂಡಿನಲ್ಲೂ ಪವಿತ್ರ ಒರತೆಗಳ ಪಕ್ಕ ಚಿಂದಿ ಕಟ್ಟಿದ ಹಾಥಾರ್ನ್ ಅನ್ನೋ ಮುಳ್ಳುಗಿಡಗಳಿವೆ. ಮರದ ಬಗ್ಗೆ ಗೌರವಕ್ಕೂ ಗಟ್ಟಿ ದಾಖಲೆ ಇದೆ. 8ನೇ ಶತಮಾನದ ಐರಿಷ್ ಕಾನೂನಿನಲ್ಲಿ 28 ಮರ, ಪೊದೆಗಳನ್ನು ಏಳೇಳರಂತೆ ನಾಲ್ಕು ದರ್ಜೆ ಮಾಡಿದ್ದಾರೆ. ಮೇಲಿನ ದರ್ಜೆಯಲ್ಲಿ ಓಕ್, ಹೇಜಲ್, ಹಾಲಿ, ಯೂ, ಆಶ್, ಪೈನ್, ಕಾಡು ಸೇಬು. ಅನ್ಯಾಯವಾಗಿ ಕಡಿದರೆ ದಂಡ, ಅದೂ ಹಸುಗಳ ಲೆಕ್ಕದಲ್ಲಿ. ದರ್ಜೆ ಮಾಡಿದ್ದು ಬಹುಮಟ್ಟಿಗೆ ಉಪಯೋಗ ನೋಡಿ. ಹಂದಿಗೆ ಓಕ್ ಕಾಯಿ, ಮನುಷ್ಯರಿಗೆ ಹೇಜಲ್ ಕಾಯಿ, ಪಾತ್ರೆಗೆ ಯೂ. ನನಗೆ ಇದೇ ಜಾಸ್ತಿ ಹಿಡಿಸುತ್ತೆ. ಬದುಕಿಗೆ ಬೇಕಾದ ಮರ, ಅದಕ್ಕೇ ಗೌರವ.

ಟಿಪ್ಪರರಿ ಟೆಕ್ಕಿ
ಯಾರೂ ಆಶ್ ಬಗ್ಗೆ ಮಾತಾಡಲಿಲ್ಲ. ಈಗ ಇಲ್ಲಿ ಮರ ಮತ್ತು ದುಃಖ ಅಂದರೆ ಆಶ್. 2012ರಲ್ಲಿ ಐರ್ಲೆಂಡಿನಲ್ಲಿ ಮೊದಲ ಸಲ ಆಶ್ ಡೈಬ್ಯಾಕ್ ರೋಗ ಪತ್ತೆಯಾಯಿತು. ಶಿಲೀಂಧ್ರದ ರೋಗ. ತುದಿಯಿಂದ ಒಣಗುತ್ತಾ ಬರುತ್ತೆ. ನಮ್ಮ ಊರ ರಸ್ತೆಯುದ್ದಕ್ಕೂ ಜೂನ್‌ನಲ್ಲೂ ಬೋಳು ತಲೆ ಮರಗಳು.

ಐರ್ಲೆಂಡಿನ ಕೋಲು ಚೆಂಡಿನ ಆಟ ಹರ್ಲಿಂಗ್. ಅದರ ಬ್ಯಾಟು, ಹರ್ಲಿ, ಆಶ್ ಮರದ್ದು. ಮರವನ್ನು ಎಲ್ಲೆಂದರಲ್ಲಿ ಕತ್ತರಿಸಿ ಹರ್ಲಿ ಮಾಡಲ್ಲ. ಕಾಂಡ ಬೇರಿಗೆ ತಿರುಗುವ ಬುಡದ ತುಂಡೇ ಬೇಕು. ಅಲ್ಲಿ ಮರದ ಎಳೆ ತಾನಾಗಿ ಬಾಗಿರುತ್ತೆ, ಆ ಬಾಗಿನಲ್ಲೇ ಬ್ಯಾಟಿನ ಅಗಲದ ತುದಿ ಬರುತ್ತೆ. ಏಟು ಬಿದ್ದರೆ ಸುಲಭಕ್ಕೆ ಮುರಿಯಲ್ಲ. ನಮ್ಮ ಪಕ್ಕದ ಮನೆ ಅಜ್ಜ ಇಡೀ ಜನ್ಮ ಹರ್ಲಿ ಮಾಡಿದವರು. ಈಗ ಬಿದಿರಿನ ಹರ್ಲಿ ಬಂದಿದೆ. ಅವರ ಶೆಡ್‌ನಲ್ಲಿ ಒಣಗಲು ಇಟ್ಟ ಆಶ್ ಹಲಗೆಗಳು ಹಾಗೇ ಇವೆ, ಮಾರಲು ಒಪ್ಪಲ್ಲ. ಅವರಿಗೆ "ಆಶ್ ಅಂದರೆ ಭೂಮಿ ಆಕಾಶದ ಸೇತುವೆ" ಅಂತ ಕಾರ್ಡ್ ಕೊಟ್ಟರೆ ಏನು ಪ್ರಯೋಜನ? "ಮೊದಲ ಹರ್ಲಿ ಯಾರಿಗೆ ಮಾಡಿಕೊಟ್ಟಿರಿ ಅಜ್ಜ" ಅಂತ ಕೇಳಿ. ಸಾಯಂಕಾಲದವರೆಗೆ ಮಾತಾಡುತ್ತಾರೆ.

ಕಾರ್ಕ್ ಕನ್ನಡತಿ
ಇದು ನನಗೆ ಬೇಕಾಗಿದ್ದ ಮಾತು. ನಮ್ಮ ಗುಂಪಿನಲ್ಲೂ ಹೋದ ವಾರ ಒಬ್ಬರು ತಂದೆಯ ತೋಟದ

ಸಾಕ್ಷಿ ಎಲ್ಲಿ
ಕಾರ್ಕ್ ಕನ್ನಡತಿ, ಕ್ಷಮಿಸಿ, ಅಲ್ಲಿಗೇ ನಿಲ್ಲಿಸಿ. ಗುಂಪಿನಲ್ಲಿ ಆಡಿದ ಮಾತು ಇಲ್ಲಿಗೆ ಬರಬಾರದು. ಹೆಸರಿಲ್ಲದಿದ್ದರೂ ಬರಬಾರದು.

ನರ್ಸಕ್ಕ ಡಬ್ಲಿನ್
ಪಾಪ, ಅವರು ಅರ್ಧ ಸಾಲು ಬರೆದಿದ್ದಾರೆ ಅಷ್ಟೇ. ಕಲಿಯುವವರ ಮೇಲೆ ಹಾಗೆ ಎಗರಬೇಡಿ.

ಸಾಕ್ಷಿ ಎಲ್ಲಿ
ಎಗರಿದ್ದಲ್ಲ ಮೇಡಂ. ಕಾರ್ಕ್‌ನಲ್ಲಿ ಕನ್ನಡ ಓದುವವರು ಎಷ್ಟು ಜನ, ಗುಂಪಿನವರಿಗೆ ಯಾರು ಪರಿಚಯ, ನಮಗೆ ಗೊತ್ತಾಗಲ್ಲ. ಕಲಿಯುವಾಗಲೇ ಈ ಗೆರೆ ಗಟ್ಟಿ ಆಗಬೇಕು.

ಕಾರ್ಕ್ ಕನ್ನಡತಿ
ಸರ್ ಹೇಳಿದ್ದೇ ನಮ್ಮ ಗುಂಪಿನ ನಿಯಮ ಕೂಡ. ಆ ವಿಷಯ ಅಲ್ಲಿಗೇ ಬಿಡೋಣ. ಬೇರೆ ಕೇಳುತ್ತೇನೆ. ಅರ್ಥ ನಾವು ಹೇಳದೆ, ಅವರಿಂದಲೇ ಬರುವ ಹಾಗೆ ಮರವನ್ನು ಬಳಸುವ ಪದ್ಧತಿ ಯಾವುದಾದರೂ ಇದೆಯಾ?

ಸಾಕ್ಷಿ ಎಲ್ಲಿ
ಇದೆ, ಒಳ್ಳೆಯದೂ ಹೌದು. "ಬದುಕಿನ ಮರ" ಅಂತ ಕರೆಯುತ್ತಾರೆ. ಜಿಂಬಾಬ್ವೆಯ ಮನಶ್ಶಾಸ್ತ್ರಜ್ಞೆ ಎನ್ಕಾಜೆಲೊ ನ್ಕುಬೆ ಮತ್ತು ಆಸ್ಟ್ರೇಲಿಯಾದ ಡೇವಿಡ್ ಡೆನ್‌ಬರೊ ರೂಪಿಸಿದ್ದು. ಏಡ್ಸ್‌ನಿಂದ ಅಪ್ಪ ಅಮ್ಮನನ್ನು ಕಳೆದುಕೊಂಡ ಮಕ್ಕಳ ಜೊತೆ ಶುರುವಾಯಿತು. ನಷ್ಟದ ಕತೆಯನ್ನೇ ಮತ್ತೆ ಮತ್ತೆ ಹೇಳಿಸಿದರೆ ಮಕ್ಕಳು ಇನ್ನಷ್ಟು ಕುಸಿಯುತ್ತಾರೆ. ಅದಕ್ಕೆ ಮೊದಲು ನಿಲ್ಲಲು ಒಂದು ಜಾಗ ಮಾಡಿಕೊಡಬೇಕು ಅನ್ನೋದು ಅವರ ಯೋಚನೆ.

ಒಂದು ಹಾಳೆಯಲ್ಲಿ ಮರ ಬರೆಯಬೇಕು. ಬೇರಿನಲ್ಲಿ ಎಲ್ಲಿಂದ ಬಂದೆ, ಯಾರಿಂದ ಕಲಿತೆ. ನೆಲದಲ್ಲಿ ದಿನಾ ಮಾಡುವ ಕೆಲಸ. ಕಾಂಡದಲ್ಲಿ ನನಗೆ ಬರುವ ವಿದ್ಯೆ, ನನ್ನ ಗುಣ. ಕೊಂಬೆಗಳಲ್ಲಿ ಆಸೆಗಳು. ಎಲೆಗಳಲ್ಲಿ ನನಗೆ ಬೇಕಾದ ಜನ, ಸತ್ತವರೂ ಸೇರಿ. ಹಣ್ಣಿನಲ್ಲಿ ಬೇರೆಯವರಿಂದ ನನಗೆ ಸಿಕ್ಕಿದ್ದು. ಎಲ್ಲರ ಮರಗಳನ್ನೂ ಗೋಡೆಗೆ ಅಂಟಿಸಿ ಕಾಡು ಮಾಡುತ್ತಾರೆ. ಆಮೇಲೆ ಮಾತ್ರ ಬಿರುಗಾಳಿಯ, ಅಂದರೆ ಬದುಕಿನ ಕಷ್ಟಗಳ, ಮಾತು. ಈ ಅನುಕ್ರಮ ತಪ್ಪಿಸಬೇಡಿ, ಜೀವಾಳ ಅದೇ.

ಚಿತ್ರ ನೋಡಿ "ಬೇರು ಚಿಕ್ಕದು, ಹಾಗಾಗಿ ನಿಮಗೆ ಹೀಗೆ" ಅಂತ ರೋಗ ಹೇಳಬೇಡಿ. ಹಾಗೆ ಓದುವ ಹಳೇ ಮರದ ಟೆಸ್ಟ್‌ಗಳೂ ಇವೆ, ಅವುಗಳ ಆಧಾರ ತೆಳು.

ಮಲೆನಾಡ ಹುಡ್ಗ
ಹೀಗೆ ಹೇಳಿದ್ದರೆ ನಾನೂ ಕೂತು ಬರೀತಿದ್ದೆ. ಎಲೆಗಳಲ್ಲಿ ಸತ್ತವರೂ ಇರಬಹುದು ಅನ್ನೋದು ಮನಸ್ಸಿಗೆ ನಾಟಿತು.

ಸಾಲುಮರದ ತಿಮ್ಮಕ್ಕನವರದೂ ಇದೇ ಅಲ್ವಾ? ಮಕ್ಕಳಿಲ್ಲದ ಸಂಕಟದಲ್ಲಿ ಗಂಡನ ಜೊತೆ ಹುಲಿಕಲ್‌–ಕುದೂರು ರಸ್ತೆಯ ಪಕ್ಕ ಆಲದ ಸಸಿ ನೆಟ್ಟು, ಬಿಂದಿಗೆಯಲ್ಲಿ ನೀರು ಹೊತ್ತು ಬೆಳೆಸಿದರು. ಆಲ ಅಂದರೆ ಏನು ಅರ್ಥ ಅಂತ ಅವರಿಗೆ ಯಾರೂ ಹೇಳಿಕೊಡಲಿಲ್ಲ.

ಹೈಲ್ಯಾಂಡ್ ಅಳಿಯ
ಸರಿಯಾಗಿ ಹೇಳಿದೆ ತಮ್ಮ.

ಹೂಬಳ್ಳಿ
ನಂದೊಂದು ಭಿನ್ನಾಭಿಪ್ರಾಯ. ನೀವೆಲ್ಲ ಹಳೇ ಕತೆಗಳನ್ನು ಪೂರ್ತಿ ಹೊರಗೆ ಹಾಕುತ್ತಿದ್ದೀರಿ. ಕತೆಗೂ ಬೆಲೆ ಇದೆ. ಕ್ಲೇರ್ ಜಿಲ್ಲೆಯ ಲಟೂನ್‌ನಲ್ಲಿ ಒಂಟಿ ಹಾಥಾರ್ನ್ ಇದೆ. ಅದು ಯಕ್ಷಿಯರ ಗಿಡ, ಕಡಿಯಬೇಡಿ ಅಂತ 1999ರಲ್ಲಿ ಕತೆಗಾರ ಎಡ್ಡಿ ಲೆನಿಹಾನ್ ಹೋರಾಡಿದರು. ಗಿಡವನ್ನು ಉಳಿಸಿಕೊಂಡೇ ಹೆದ್ದಾರಿ ಮಾಡಿದರು. 2002ರಲ್ಲಿ ಯಾರೋ ಅದರ ಕೊಂಬೆಗಳನ್ನೆಲ್ಲ ಗರಗಸದಿಂದ ಕತ್ತರಿಸಿ ಹಾಕಿದರು. ಮತ್ತೆ ಚಿಗುರಿತು. ಯಕ್ಷಿಯರ ಕತೆ ಇಲ್ಲದಿದ್ದರೆ ಆ ಗಿಡವೇ ಇರುತ್ತಿರಲಿಲ್ಲ.

ಹಳೇ ಮೇಷ್ಟ್ರು
ಒಳ್ಳೆ ಮಾತು, ಒಪ್ಪಿದೆ. ನಾನು ಕತೆಯ ವಿರುದ್ಧ ಅಲ್ಲ. ಜ್ಞಾನದ ಬಾವಿಯ ಸುತ್ತ ಒಂಬತ್ತು ಹೇಜಲ್ ಮರ, ಉದುರಿದ ಕಾಯಿ ತಿಂದ ಸಾಲ್ಮನ್ ಮೀನು, ಆ ಮೀನು ಸುಡುವಾಗ ಹೆಬ್ಬೆರಳು ಸುಟ್ಟುಕೊಂಡು ಚೀಪಿದ ಹುಡುಗ ಫಿನ್‌ಗೆ ಬಂದ ಅರಿವು. ಇದನ್ನು ಗುಂಪಿನಲ್ಲಿ ಹೇಳಲೇಬೇಕು. "ಇದು ಐರ್ಲೆಂಡಿನ ಹಳೇ ಕತೆ" ಅಂತ ಹೇಳಿ. ಅದೇ ಸತ್ಯ. "ನೀವು ಆಗಸ್ಟ್‌ನಲ್ಲಿ ಹುಟ್ಟಿದ್ದರಿಂದ ನೀವು ಹೇಜಲ್" ಅನ್ನಬೇಡಿ, ಅಷ್ಟೇ.

ಬೀಜದುಂಡೆ
ಕಾರ್ಕ್ ಕನ್ನಡತಿ, ಹೊರಗೆ ಕರ್ಕೊಂಡು ಹೋಗೋ ಅವಕಾಶ ಇದ್ದರೆ ಮಕ್ರೂಮ್ ಪಕ್ಕದ ಗಿಯರಾ ನೋಡಿ. ಲೀ ನದಿಯ ಕವಲುಗಳ ನಡುವಿನ ಹಳೇ ಕಾಡು. 1950ರ ದಶಕದಲ್ಲಿ ಜಲವಿದ್ಯುತ್ ಯೋಜನೆಗೆ ಬಹುಭಾಗ ಕಡಿದು ಮುಳುಗಿಸಿದರು. ನೀರು ಇಳಿದಾಗ ಮರದ ಬೊಡ್ಡೆಗಳು ಕಪ್ಪಗೆ ಸಾಲಾಗಿ ಎದ್ದು ಕಾಣುತ್ತವೆ. ಪಕ್ಕದಲ್ಲೇ ಉಳಿದ ಕಾಡೂ ಇದೆ.

ಮಲೆನಾಡ ಹುಡ್ಗ
ಅಯ್ಯೋ, ಇದು ನಮ್ಮ ಶರಾವತಿ ಹಿನ್ನೀರಿನ ಕತೆಯೇ. ಲಿಂಗನಮಕ್ಕಿಗೆ ನಮ್ಮ ಅಜ್ಜನ ಊರೂ ಮುಳುಗಿತು. ಬೇಸಿಗೆಯಲ್ಲಿ ನೀರು ಇಳಿದರೆ ಬೊಡ್ಡೆ ಕಾಣುತ್ತೆ. ಅಜ್ಜಿ ಲಾಂಚ್‌ನಲ್ಲಿ ಹೋಗುವಾಗ "ಇಲ್ಲಿ ನಮ್ಮ ಹಲಸಿನ ಮರ" ಅಂತ ನೀರು ತೋರಿಸುತ್ತಿದ್ದರು. ಅಲ್ಲಿಗೆ ಕರ್ಕೊಂಡು ಹೋಗೋ ಮುಂಚೆ ಯೋಚನೆ ಮಾಡಿ. ಕೆಲವರಿಗೆ ತಡೆಯೋಕಾಗಲ್ಲ.

ಕಾರ್ಕ್ ಕನ್ನಡತಿ
ಹಿರಿಯರ ಜೊತೆ ಮಾತಾಡಿದೆ. ಮೇಷ್ಟ್ರು ಬರೆದದ್ದನ್ನೆಲ್ಲ ಇಂಗ್ಲಿಷಿಗೆ ತಂದು ಮುಂದಿಟ್ಟೆ. ಮೊದಲು ಸ್ವಲ್ಪ ಬೇಜಾರಾದರು. ಕಾರ್ಡ್‌ಗಳಿಗೆ ಅವರು ಸ್ವಂತ ಹಣ ಹಾಕಿದ್ದರು. ಆಮೇಲೆ ಒಪ್ಪಿದರು. ತಾರೀಕಿನ ಪಟ್ಟಿಯ ಮೇಲೆ ಕಾಗದ ಅಂಟಿಸಿ, ಚಿತ್ರದ ಬದಿ ಮಾತ್ರ ಬಳಸುತ್ತೇವೆ. ಅರ್ಥ ಹೇಳುವುದಿಲ್ಲ. "ನಿಮಗೆ ಗೊತ್ತಿರುವ ಒಂದು ಮರದ ಬಗ್ಗೆ ಹೇಳಿ" ಅಂತ ಶುರು ಮಾಡಿ, ಎರಡನೇ ವಾರ ಬದುಕಿನ ಮರ. ಹೇಜಲ್ ಕತೆ ಕೊನೆಯ ವಾರ. ಯೂ ಕೊಂಬೆ ರದ್ದು. ಗಿಯರಾ ಸದ್ಯಕ್ಕೆ ಬೇಡ ಅಂತ ಇಬ್ಬರಿಗೂ ಅನಿಸಿತು. ಅದರ ಬದಲು ನದಿ ದಂಡೆಯಲ್ಲಿ ಒಂದು ಸಣ್ಣ ನಡಿಗೆ. ಬರಲು ಇಷ್ಟವಿಲ್ಲದವರು ರೂಮಿನಲ್ಲೇ ಟೀ ಕುಡಿದು ಕೂರಬಹುದು.

ಸಾಕ್ಷಿ ಎಲ್ಲಿ
ಚೆನ್ನಾಗಿದೆ. ಮೊದಲ ವಾರ ಮತ್ತು ಕೊನೆಯ ವಾರ ಒಂದೇ ಪ್ರಶ್ನಾವಳಿ ತುಂಬಿಸಿ. ನಿದ್ರೆ, ಊಟ, ಮನಸ್ಸಿನ ಸ್ಥಿತಿ. ನಿಮ್ಮ ಕೋರ್ಸ್‌ನಲ್ಲೇ ಸಿಗುತ್ತೆ. ಯಾರಿಗಾದರೂ ಬದುಕೇ ಬೇಡ ಅನ್ನೋ ಯೋಚನೆ ಬಂದಿದ್ದರೆ ಮರ, ಚಿತ್ರ ಎಲ್ಲ ಪಕ್ಕಕ್ಕಿಟ್ಟು ಅವತ್ತೇ ಹಿರಿಯರಿಗೆ ತಿಳಿಸಿ.

ಬೀಜದುಂಡೆ
ನಡಿಗೆಗೆ ಫೆಬ್ರವರಿ ಒಳ್ಳೆಯದು. ಎಲೆ ಬಾರದಿದ್ದರೂ ಆಲ್ಡರ್ ಮತ್ತು ಹೇಜಲ್ ಎರಡರಲ್ಲೂ ಹೂಗೊಂಚಲು ಜೋತುಬಿದ್ದಿರುತ್ತೆ. ಹೇಜಲ್‌ದು ಹಳದಿ. ಅದೇ ಕಡ್ಡಿಯಲ್ಲಿ ಮೊಗ್ಗಿನ ತುದಿಗೆ ಕೆಂಪು ಎಳೆಗಳ ಪುಟ್ಟ ಹೆಣ್ಣು ಹೂ ಇರುತ್ತೆ, ಅಕ್ಕಿಕಾಳಿಗಿಂತ ಚಿಕ್ಕದು. ಭೂತಗನ್ನಡಿ ತಗೊಂಡು ಹೋಗಿ.

ಟಿಪ್ಪರರಿ ಟೆಕ್ಕಿ
ಬೂಟ್ಸ್ ಕೂಡ. ಫೆಬ್ರವರಿಯಲ್ಲಿ ಲೀ ದಂಡೆ ಪೂರ್ತಿ ಕೆಸರು.